ಐದನೆಯ ಕಲ್ಲು

ಸಿಂಧನೂರು
ಮಾಘ ಬಹುಳ ಪಂಚಮಿ, ಗುರುವಾರ
ಫಸಲಿ ೧೩೫೫

ನಮ್ಮ ಆದೆಮ್ಮನ ಅಪ್ಪನವರಿಗೆ, ನಿಮ್ಮ ಮನೆಯವಳು ನಮಸ್ಕಾರ ಮಾಡಿ ಬರೆಯುವುದು.

ಮೊದಲು ನಿಮ್ಮ ಕೆಮ್ಮಿನ ಮಾತು. ಕಡಿಮೆಯಾಯಿತೋ ಇಲ್ಲವೋ? ಗಿರಣಿಯೊಳಗೆ ಹತ್ತಿಯ ಧೂಳು ಮೂಗು ಬಾಯಿ ತುಂಬುತ್ತದೆ ಎಂದು ಸೊಲ್ಲಾಪುರದಿಂದ ಬಂದ ನಮ್ಮ ಓಣಿಯವರು ಹೇಳಿದರು. ಮೂಗಿಗೆ ಹೆಗಲ ಮೇಲಿನ ವಲ್ಲಿ ಕಟ್ಟಿಕೊಳ್ಳಿ, ಜೀರಿಗೆ ಶುಂಠಿ ಕುದಿಸಿದ ನೀರು ಕುಡಿಯಿರಿ. ನಾನು ಮೂರು ಕಾಗದ ಬರೆದೆ. ನಿಮ್ಮಿಂದ ಬಂದದ್ದು ಒಂದೇ ಕಾರ್ಡು, ಅದರಲ್ಲಿ ನಾಲ್ಕೇ ಸಾಲು. "ಕೆಮ್ಮು ಇದೆ. ಖಾನಾವಳಿಯ ರೊಟ್ಟಿ ತೆಳ್ಳಗೆ. ಊರಿಗೆ ಬರುವ ಮುಖವಿಲ್ಲ. ಅಲ್ಲಿ ಯಾರ ಮುಂದೆಯೂ ನನ್ನ ಹೆಸರು ಎತ್ತಬೇಡ." ರೊಟ್ಟಿ ತೆಳ್ಳಗಿದ್ದರೆ ಎರಡು ಹೆಚ್ಚು ತಿನ್ನಿ, ಅದಕ್ಕೇನು ನಾಚಿಕೆ. ಆದರೆ ಹೆಂಡತಿಗೆ ಗಂಡ ಹೆಸರು ಎತ್ತಬೇಡ ಎಂದು ಬರೆಯುವುದನ್ನು ನಾನು ಇಲ್ಲೇ ಕಂಡೆ. ಮದುವೆಯಾಗಿ ಹನ್ನೆರಡು ವರ್ಷ, ಒಂದು ಸಲವಾದರೂ ಎತ್ತಿದ್ದೇನೆಯೇ? ಒಡಪು ಹೇಳಿ ಗಂಡನ ಹೆಸರು ಹೇಳಿದರೆ ಮಾತ್ರ ಒಳಗೆ ಬಿಡುತ್ತೇವೆ ಎಂದು ನಿಮ್ಮ ಅಕ್ಕತಂಗಿಯರು ಹೊಸ್ತಿಲಿಗೆ ಅಡ್ಡ ನಿಂತಾಗಲೂ ತುಟಿ ಬಿಚ್ಚದೆ, ಹಿತ್ತಲ ಬಾಗಿಲಿನಿಂದ ಮನೆ ಹೊಕ್ಕವಳು ನಾನು. ನಿಮಗೆ ಹೋದ ಮೂರೂ ಕಾಗದದ ಲಕೋಟೆಯ ಮೇಲೆ ಹೆಸರು ಬರೆದವರು ಲಿಂಗಸೂಗೂರಿನ ಕಚೇರಿಯ ಮುಂದೆ ಕೂತು ದಸ್ತಾವೇಜು ಬರೆಯುವ ಹಾಜಿಸಾಬರು. ಅವರ ಅಕ್ಷರ ನಿಮಗೆ ಗೊತ್ತೇ ಇದೆ.

ಇಲ್ಲಿ ಎಲ್ಲರೂ ಆರಾಮ. ಅತ್ತೆಯವರ ಮೊಣಕಾಲು ನೋವು ವಾಸಿಯಾಗಿದೆ. ಔಷಧದಿಂದಲ್ಲ, ಟಾಂಗಾದಿಂದ. ಯಾಕೆ ಎಂಬುದನ್ನು ಮುಂದೆ ಬರೆಯುತ್ತೇನೆ. ಆದೆಮ್ಮನಿಗೆ ಮುಂದಿನ ಎರಡು ಹಲ್ಲು ಬಿದ್ದಿವೆ, ಮಾತು ಮಾತ್ರ ಕಡಿಮೆಯಾಗಿಲ್ಲ. ಅಂಗಳವನ್ನು ನಾಲ್ಕು ಪಾಲು ಮಾಡಿ ಗೆಳತಿಯರಿಗೆ ಮಾರಿದ್ದಾಳೆ. ನಾಲ್ಕು ದಿಕ್ಕಿನ ಚಕ್ಕುಬಂದಿಯನ್ನು ಅವಳು ನಿಮ್ಮ ಹಾಗೆಯೇ ಕೈ ಚಾಚಿ ಹೇಳುವುದನ್ನು ಕೇಳಬೇಕು: "ಮೂಡಲಕ ಒಳ್ಳಕಲ್ಲ, ಪಡುವಲಕ ಆಕಳ, ತೆಂಕಲಕ ಅಜ್ಜಿ, ಬಡಗಲಕ ಬಚ್ಚಲ." ಆಕಳು ಎದ್ದು ನೀರಿಗೆ ಹೋದರೆ ಪಡುವಲ ಗಡಿಯೂ ಎದ್ದು ಹೋಗುತ್ತದೆ, ಆಮೇಲೆ ಅಂಗಳದ ತುಂಬ ಜಗಳ. ನಿಮ್ಮ ಮಗಳು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಈಗ ವ್ಯವಹಾರದ ಸುದ್ದಿ. ಕೂತು ಓದಿ. ನೀವು ಹೋದ ಹದಿನೈದನೆಯ ದಿನಕ್ಕೆ ಗುಂಟೂರು ಕಡೆಯ ಇಬ್ಬರು ಬಾಗಿಲಿಗೆ ಬಂದು "ದಲಾಲಿಗಾರು ಉನ್ನಾರಾ?" ಎಂದು ತೆಲುಗಿನಲ್ಲಿ ನಿಮ್ಮನ್ನು ಕೇಳಿದರು. ಇಲ್ಲ ಎಂದು ಕದ ಮುಚ್ಚಬಹುದಿತ್ತು. ಆದರೆ ಅವರು ಕೇಳಿದ ಹೊಲ ಯಾವುದೆಂದು ನನಗೆ ಗೊತ್ತಿತ್ತು. ಹನ್ನೆರಡು ವರ್ಷ ಊಟಕ್ಕೆ ಕೂತಾಗಲೆಲ್ಲ ನೀವು ಆಡಿದ್ದು ಇದೇ ಮಾತು, ಯಾರ ಹೊಲ ಎಲ್ಲಿಂದ ಎಲ್ಲಿಗೆ, ಯಾವ ಬದುವಿನಲ್ಲಿ ಬೇವು, ಯಾವುದರಲ್ಲಿ ಜಾಲಿ. ಪಲ್ಯ ಹೇಗಿದೆ ಎಂದು ಒಂದು ದಿನ ಹೇಳಿದವರಲ್ಲ. ಬಡಿಸುತ್ತ ಬಡಿಸುತ್ತ ನಾನು ಅರ್ಧ ತಾಲೂಕು ಬಾಯಿಪಾಠ ಮಾಡಿಬಿಟ್ಟಿದ್ದೆ. "ಅವ್ರಿಲ್ಲ, ನಾ ತೋರಸ್ತೀನಿ ಬರ್ರಿ" ಎಂದು ಸೆರಗು ಸಿಕ್ಕಿಸಿ ಹೊರಟೆ. ಅತ್ತೆಯವರು ಹಿಂದಿನಿಂದ ಕೂಗಿ ಕೂಗಿ, ಕೊನೆಗೆ ಸೊಸೆ ಒಬ್ಬಳೇ ಹೋಗಬಾರದು ಎಂದು ತಾವೂ ಬಂದರು. ಅವತ್ತು ಬಂದವರು ಇವತ್ತಿನವರೆಗೂ ಹಿಂದೆ ಉಳಿದಿಲ್ಲ. ನಬೀಸಾಬರ ಟಾಂಗಾದ ಹಿಂದಿನ ಹಲಗೆ ಅವರದೇ ಜಾಗ, ಬೇರೆಯವರು ಕೂತರೆ ಮುಖ ನೋಡುವ ಹಾಗಿಲ್ಲ.

ಕಾಲುವೆಯ ಸರ್ವೆಯವರು ಹೊಲಹೊಲದಲ್ಲಿ ಕೆಂಪು ಬಾವುಟ ನೆಟ್ಟು ಹೋದ ಮೇಲೆ ಊರಿಗೇ ಹುಚ್ಚು ಹಿಡಿದಿದೆ. ಒಬ್ಬ ಬಂದು, ಕಾಲುವೆ ನನ್ನ ಹೊಲವನ್ನು ನುಂಗುತ್ತದೆ, ಇವತ್ತೇ ಮಾರಿಸು ಎನ್ನುತ್ತಾನೆ. ಅವನ ಅಣ್ಣ ಬಂದು, ಕಾಲುವೆ ನನ್ನ ಹೊಲದ ಪಕ್ಕ ಹಾಯುತ್ತದೆ, ಚಿನ್ನ ಕೊಟ್ಟರೂ ಮಾರುವುದಿಲ್ಲ, ಆದರೂ ಯಾರಾದರೂ ಇದ್ದರೆ ಹೇಳು ಎನ್ನುತ್ತಾನೆ. ಇಬ್ಬರೂ ನಮ್ಮ ಜಗಲಿಯ ಮೇಲೆ ಬೆನ್ನು ತಿರುಗಿಸಿ ಕೂತಿರುತ್ತಾರೆ, ಒಳಗೆ ನನ್ನ ರೊಟ್ಟಿ ಹಂಚಿನ ಮೇಲೆ ಹೊತ್ತುತ್ತಿರುತ್ತದೆ. ಹೋದ ವಾರದ ಒಂದು ದಿನವನ್ನು ಹೇಳುತ್ತೇನೆ. ಹೊತ್ತು ಹುಟ್ಟುವ ಮೊದಲೇ ಗೊರೇಬಾಳಕ್ಕೆ ಹೋಗಿ ಒಬ್ಬರಿಗೆ ಕಪ್ಪು ಮಣ್ಣಿನ ಎರಿ ಹೊಲ ತೋರಿಸಿದೆ. ನಾಲ್ಕು ಗಡಿಯನ್ನೂ ಕಾಲಿನಲ್ಲಿ ನಡೆಸಿಯೇ ತೋರಿಸುತ್ತೇನೆ, ಟಾಂಗಾದಲ್ಲಿ ಕೂತು ಬೆರಳು ಮಾಡುವುದಿಲ್ಲ. ನಿಮ್ಮ ಪದ್ಧತಿ ಬಿಟ್ಟಿಲ್ಲ. ಅಲ್ಲಿಂದ ಬಸ್ಸು ಹಿಡಿದು ಮಸ್ಕಿ. ಅಲ್ಲಿ ಖರೀದಿ ಮಾಡುವವನು ಒಪ್ಪಿದ್ದ, ಜೊತೆಗೆ ಹಣ ಹಾಕಬೇಕಾದ ಅವನ ತಮ್ಮ ಕೋಪ ಮಾಡಿಕೊಂಡು ಮಾವನ ಮನೆಗೆ ಹೋಗಿದ್ದ. ಮಾವನ ಮನೆ ಸಂತೆಕಲ್ಲೂರು. ನನ್ನ ತವರಿಗೆ ನಾನು ದಾರಿ ಕೇಳಬೇಕೇ? ಹೋಗಿ ಕರೆತಂದೆ, ತವರಿನಲ್ಲಿ ಒಂದು ಲೋಟ ಮಜ್ಜಿಗೆಗೂ ನಿಲ್ಲಲಿಲ್ಲ, ಅವ್ವ ಇವತ್ತಿಗೂ ಮುನಿಸಿಕೊಂಡಿದ್ದಾಳೆ. ಅಲ್ಲಿಂದ ಲಿಂಗಸೂಗೂರು. ಕಚೇರಿ ಏಳುವುದರೊಳಗೆ ಹೆಬ್ಬೆಟ್ಟು ಬೀಳಬೇಕು. ಸ್ಟಾಂಪು ಕಾಗದ ಸಿಕ್ಕಿತು, ಸಾಕ್ಷಿಗಳು ಸಿಕ್ಕರು, ಮಾರುವವನೇ ಇಲ್ಲ! ಚಹಾದ ಅಂಗಡಿಯಲ್ಲಿ ಕೂತು, ಅಪ್ಪ ಮಾಡಿದ ಹೊಲ ಎಂದು ಕಣ್ಣೀರು ಹಾಕುತ್ತಿದ್ದ. ಅವನ ಪಕ್ಕದಲ್ಲಿ ಕೂತು ನಾನೂ ಒಂದು ಗಳಿಗೆ ಅತ್ತೆ, ಆಮೇಲೆ ಕೈ ಹಿಡಿದು ಎಬ್ಬಿಸಿದೆ. ಅಳು ಸುಳ್ಳಲ್ಲ. ಬೆಳಿಗ್ಗೆ ಕಟ್ಟಿಕೊಂಡ ರೊಟ್ಟಿಯನ್ನು ಇಳಿಹೊತ್ತಿಗೆ ಬಸ್ಸಿನಲ್ಲಿ ಬಿಚ್ಚಿದೆ. ಈ ವರ್ಷ ಸವೆದ ಚಪ್ಪಲಿ ಇದು ಮೂರನೆಯದು.

ಇಷ್ಟು ಬರೆದು ಎದ್ದು ಹೋಗಿದ್ದೆ. ಬಾಗಿಲಿಗೆ ಹಟ್ಟಿಯಿಂದ ಒಬ್ಬರು ಬಂದಿದ್ದರು, ಗಣಿಯಲ್ಲಿ ಕೆಲಸವಂತೆ, ಸಿಂಧನೂರಿನಲ್ಲಿ ಮನೆ ಕಟ್ಟುವ ಜಾಗ ಬೇಕಂತೆ. ನಾಳೆ ಬನ್ನಿ ಎಂದೆ. ನಾಳೆ ಯಾವ ಹೊತ್ತಿಗೆ ಎಂದರು. ನಾಳೆ ನನಗೆ ಹೊತ್ತೇ ಇಲ್ಲ, ಆದರೂ ಬನ್ನಿ ಎಂದೆ. ನಗಬೇಡಿ.

ಒಂದು ವಿಷಯದಲ್ಲಿ ಮಾತ್ರ ನಾನು ನಿಮ್ಮ ದಾರಿ ಬಿಟ್ಟಿದ್ದೇನೆ. ನೀವು ಕಟ್ಟೆಯ ಮೇಲೆ ಕೂತು ಗಂಡಸರನ್ನು ಒಪ್ಪಿಸುತ್ತಿದ್ದಿರಿ, ಅವರು ಮನೆಗೆ ಹೋಗಿ ಮರುದಿನ ಮಾತು ಬದಲಿಸುತ್ತಿದ್ದರು. ನಾನು ನೇರವಾಗಿ ಒಲೆಯ ಹತ್ತಿರ ಹೋಗಿ ಕೂಡುತ್ತೇನೆ. ಹೊಲ ಯಾಕೆ ಮಾರುತ್ತಾರೆ, ಯಾವ ತುಂಡನ್ನು ಮಾರಲು ಮನಸ್ಸಿಲ್ಲ, ಯಾವ ಬದುವಿನ ಮೇಲೆ ಯಾರ ಕಣ್ಣಿದೆ ಎಲ್ಲವೂ ಅಲ್ಲಿ ಸಿಗುತ್ತದೆ. ಹೀಗೆ ಒಲೆಯ ಹತ್ತಿರ ಕೂತೇ ಗೊರೇಬಾಳದ ಗಾಳೆಮ್ಮನ ಸ್ನೇಹವಾಯಿತು. ಹೌದು, ಅದೇ ನರಸಣ್ಣನ ಹೆಂಡತಿ. ಅವರ ಹೆಸರು ಓದಿ ಕಾಗದ ಮಡಿಚಬೇಡಿ. ನಿಮಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ, ಯಾಕೆಂದರೆ ನಿಮಗೆ ಗೊತ್ತಿರುವುದು ಅರ್ಧ ಮಾತ್ರ.

ಹೋದ ಬೇಸಿಗೆಯಲ್ಲಿ ನರಸಣ್ಣನ ಹೊಲವನ್ನು ಮಸ್ಕಿಯ ಹತ್ತಿ ವ್ಯಾಪಾರಿ ಬಸ್ಸಪ್ಪನವರಿಗೆ ನೀವು ಕೊಡಿಸಿದಿರಿ. ನಾಲ್ಕೂ ಗಡಿ ನಡೆಸಿದಿರಿ. ಪಡುವಲ ಕಡೆ ಸರ್ಕಾರಿ ಹುಲ್ಲುಗಾವಲು, ಅಲ್ಲಿನ ಗಡಿಕಲ್ಲು ಕಾಣಿಸಲಿಲ್ಲ. "ಕಲ್ಲ ಮಣ್ಣಾಗ ಹೂತೈತಿ, ಜಾಗ ಇದೇ" ಎಂದು ಹೇಳಿ ಅಲ್ಲಿಯೇ ಮಣ್ಣಿನ ಹೆಂಟೆ ಎತ್ತಿ ಬಸ್ಸಪ್ಪನವರ ವಲ್ಲಿಯಲ್ಲಿ ಹಾಕಿದಿರಿ. ಹೆಂಟೆ ಕೊಟ್ಟ ಮೇಲೆ ಮಾತು ಮುಗಿಯಿತು. ಆಮೇಲೆ ಸರ್ವೆಯ ಅಮೀನ ಬಂದು ಸರಪಳಿ ಹಿಡಿದ. ಹಳೆಯ ನಕ್ಷೆ ಹರಿದಿತ್ತು, ಕಲ್ಲು ನೋಡಿ ಅಳೆದ. ಬನ್ನಿ ಗಿಡದ ಬುಡದಲ್ಲಿ ಸುಣ್ಣ ಬಳಿದ ಕಲ್ಲೊಂದು ಕಂಡಿತು, ಅದೇ ಗಡಿ ಎಂದು ಬರೆದ. ಎರಡು ಎಕರೆ ಹುಲ್ಲುಗಾವಲಿಗೆ ಹೋಯಿತು. ಬಸ್ಸಪ್ಪನವರು ಮಸ್ಕಿಯ ಸಂತೆಯ ನಡುವೆ ನಿಂತು "ಈ ದಲಾಲ ಸುಳ್ಳ ಗಡಿ ತೋರಿಸ್ಯಾನ, ಇವನ ಮಾತ ಯಾರೂ ನಂಬಬ್ಯಾಡ್ರಿ" ಎಂದು ಕೂಗಿದರು. ತೋರಿಸಿದ್ದು ಸರಿ ಎಂದು ನಿಮಗೆ ಗೊತ್ತು, ಸರಿ ಎನ್ನಲು ಕಲ್ಲು ಇಲ್ಲ. ಮೂರು ದಿನ ಗೋಡೆ ನೋಡುತ್ತ ಕೂತಿರಿ, ನಾಲ್ಕನೆಯ ದಿನ ಸೊಲ್ಲಾಪುರದ ದಾರಿ ಹಿಡಿದಿರಿ. ನಾನು ತಡೆಯಲಿಲ್ಲ. ಅದಕ್ಕಾಗಿ ನನ್ನನ್ನು ನಾನು ಎಷ್ಟು ಬೈದುಕೊಂಡಿದ್ದೇನೆ ಎಂದು ನಿಮಗೆ ಗೊತ್ತಿಲ್ಲ.

ಇನ್ನರ್ಧ ಕೇಳಿ. ಹೊಲ ಮಾರಿದ ಮೇಲೂ ಈ ವರ್ಷ ಪಾಲಿಗೆ ನರಸಣ್ಣನೇ ಬಿತ್ತಿದ್ದ. ಎಳ್ಳಮಾವಾಸ್ಯೆಗೆ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಲು ಗಾಳೆಮ್ಮ ನನ್ನನ್ನೂ ಅತ್ತೆಯವರನ್ನೂ ಹೊಲಕ್ಕೆ ಕರೆದಳು. ಗಂಡಸರು ಎತ್ತು ಬಿಟ್ಟು ಗಾಡಿಯ ನೆರಳಿನಲ್ಲಿ ಕೂತರು. ಅವರು ಯಾವಾಗಲೂ ಕಡುಬು ಬಡಿಸುವ ಹೊತ್ತಿಗೇ ಎದ್ದು ಬರುವವರು. ಪಾಂಡವರೆಂದು ಪೂಜಿಸುವ ಕಲ್ಲುಗಳನ್ನು ತೊಳೆದು ಸುಣ್ಣ ಹಚ್ಚುವ ಕೆಲಸ ಹೆಂಗಸರದು, ಅವತ್ತು ನನ್ನ ಪಾಲಿಗೆ ಬಂತು. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲು. ನಾಲ್ಕು ಅಂಗೈಯಲ್ಲಿ ಹಿಡಿಯುವಷ್ಟು, ಹಳ್ಳದ ನುಣ್ಣನೆಯ ಗುಂಡುಕಲ್ಲು. ಐದನೆಯದು ಮೊಳಕ್ಕಿಂತ ಉದ್ದ, ಅರ್ಧ ಮಣ್ಣಿನಲ್ಲಿ ಹೂತದ್ದು, ನಾಲ್ಕು ಮೂಲೆಯೂ ಉಳಿಯಿಂದ ಕಡಿದದ್ದು. ನೀರು ಹೊಯ್ದು ಉಜ್ಜಿದೆ. ವರ್ಷವರ್ಷ ಬಳಿದ ಸುಣ್ಣ ಹಪ್ಪಳದ ಹಾಗೆ ಎದ್ದು ಬಂತು. ಕಲ್ಲಿನ ನೆತ್ತಿಯ ಮೇಲೆ ಒಂದನ್ನೊಂದು ಕತ್ತರಿಸುವ ಎರಡು ಗೆರೆ, ಸರ್ವೆಯ ಗಡಿಕಲ್ಲಿನ ಗುರುತು. ಪಾಂಡವರಲ್ಲಿ ಒಬ್ಬನಿಗೆ ಮಾತ್ರ ಸರ್ಕಾರ ಯಾಕೆ ಗುರುತು ಹಾಕಿತು?

ಗಾಳೆಮ್ಮನನ್ನು ಮೆಲ್ಲಗೆ ಕೇಳಿದೆ, ಈ ಭೀಮಸೇನ ಎಲ್ಲಿಂದ ಬಂದ ಎಂದು. ಅವಳು ನಕ್ಕು ಹೇಳಿದಳು: "ಐದ ವರ್ಷದ ಹಿಂದ ದೊಡ್ಡ ಮಳಿ ಆತಲ್ಲವ್ವ, ಆವಾಗ ಹಳ್ಳದ ಕಡೆ ಕಿತ್ತಕೊಂಡ ಬಿದ್ದಿತ್ತು. ಎರಿ ಹೊಲದಾಗ ಕಲ್ಲ ಎಲ್ಲಿ ಸಿಗ್ತಾವ? ನಾಕ ಇದ್ದವು, ಐದನೇದ ದೇವ್ರ ಕೊಟ್ಟಾನಂತ ನಮ್ಮತ್ತಿ ಹೊತಗೊಂಡ ಬಂದ್ರು." ಅಷ್ಟೇ ಕಥೆ. ಯಾರೂ ಕದ್ದಿಲ್ಲ, ಯಾರೂ ಸರಿಸಿಲ್ಲ. ಪೂಜೆಗೆ ಒಂದು ಕಲ್ಲು ಕಡಿಮೆ ಬಿತ್ತು ಎಂದು ಒಬ್ಬ ಮುದುಕಿ ಎತ್ತಿ ತಂದಳು. ಗಂಡಸರು ಯಾರೂ ಅದನ್ನು ನೋಡಲಿಲ್ಲ, ದೇವರೆಂದು ಕೈಮುಗಿದರು. ಅಮೀನ ಸುಣ್ಣ ನೋಡಿ ಗಡಿಕಲ್ಲು ಎಂದುಕೊಂಡ. ಕಲ್ಲು ಗಡಿಯದೇ, ನಿಂತ ಜಾಗ ಮಾತ್ರ ದೇವರದು. ಆ ಹೊಲದ ನಡುವೆ ನಾನು ಅತ್ತದ್ದನ್ನು ಕಂಡು ಗಾಳೆಮ್ಮ ಭಕ್ತಿ ಎಂದು ತಿಳಿದಳು.

ಆದರೆ ಕಲ್ಲನ್ನು ಕೀಳುವುದು ಹೇಗೆ? ಗಾಳೆಮ್ಮನಿಗೆ ವಿಷಯ ಹೇಳಿದರೆ ಅವಳು ಎರಡೂ ಕಿವಿ ಮುಚ್ಚಿಕೊಂಡಳು. "ಐದ ವರ್ಷ ಎಡಿ ಕೊಟ್ಟ ದೇವ್ರನ್ನ ಕಿತ್ತ ಕಚೇರಿಗೆ ಕೊಡ್ಲೇನವ್ವ?" ಎಂದಳು. ಅವಳ ಮಾತಿನಲ್ಲಿ ತಪ್ಪೇನಿದೆ? ನಾನು ಒತ್ತಾಯ ಮಾಡಲಿಲ್ಲ. ಆ ದಾರಿಯಲ್ಲಿ ಹೋದಾಗಲೆಲ್ಲ ಅವಳ ಒಲೆಯ ಮುಂದೆ ಕೂತೆ, ಕಲ್ಲಿನ ಮಾತೆತ್ತದೆ ಎದ್ದು ಬಂದೆ. ಕೊನೆಗೆ ದಾರಿ ತೋರಿಸಿದವರು ಅತ್ತೆಯವರು. ರಾಶಿ ಮುಗಿಯಲಿ, ಈ ದೇವರು ಬೆಳೆ ಕಾಯುವ ಕೆಲಸ ತೀರಲಿ, ಬದಲಿ ಪಾಂಡವನನ್ನು ಮೊದಲು ಕೂಡಿಸಿ ಆಮೇಲೆ ಇವನನ್ನು ಕೇಳೋಣ ಎಂದರು. ಗಾಳೆಮ್ಮ ಒಪ್ಪಿದಳು. ಮಸ್ಕಿಯ ಗುಡ್ಡದ ಕೆಳಗಿನಿಂದ ಒಳ್ಳೆಯ ಗುಂಡುಕಲ್ಲು ಆರಿಸಿ, ಹೊಸ ಖಣ ಹಾಸಿ, ಟಾಂಗಾದ ಮುಂದಿನ ಹಲಗೆಯ ಮೇಲೆ ಕೂಡಿಸಿಕೊಂಡು ತಂದೆವು. ನಬೀಸಾಬರು ದಾರಿಯುದ್ದಕ್ಕೂ ಚಾವಟಿ ಎತ್ತಲಿಲ್ಲ. "ಪಾಂಡವ್ರು ಟಾಂಗಾ ಏರಿದ್ದು ನನ್ನ ಕೈಯಾಗ ನೋಡ್ರಿ" ಎಂದು ಇವತ್ತಿಗೂ ಎಲ್ಲರಿಗೂ ಹೇಳುತ್ತಾರೆ.

ಅದಕ್ಕಿಂತ ಮೊದಲು ಬಸ್ಸಪ್ಪನವರನ್ನು ಕಾಣಬೇಕಿತ್ತು. ಅವರ ಅಂಗಡಿಗೆ ಹೋದೆ. "ನಿಮ್ಮ ಮನಿಯವ್ರು ಮಾಡಿದ್ದ ಸಾಲ್ದ, ಈಗ ನೀವು ಬಂದೀರೇನ?" ಎಂದರು. ನಾನು ನಿಂತೇ ಹೇಳಿದೆ: "ನೀವು ಸಂತ್ಯಾಗ ನಿಂತ ಕೂಗಿದ್ರಿ, ನಾ ಅಂಗಡ್ಯಾಗ ನಿಂತ ಮೆಲ್ಲಕ ಹೇಳಾಕತ್ತೀನಿ. ಅಮೀನನ್ನ ಕರಕೊಂಡ ಹೊಲಕ್ಕ ಬರ್ರಿ. ನನ್ನ ಮಾತ ಸುಳ್ಳಾತಂದ್ರ ನಾ ಇನ್ನ ಯಾರ ಹೊಲದಾಗೂ ಕಾಲ ಇಡಂಗಿಲ್ಲ." ಅಂಗಡಿಯಲ್ಲಿದ್ದ ಎಲ್ಲರೂ ಕೇಳಿದರು. ಹೊರಗೆ ಬಂದ ಮೇಲೆ ಅತ್ತೆಯವರು, ಕಾಲಿಡದೆ ತಿನ್ನುವುದೇನು ಎಂದು ನನ್ನನ್ನು ಬೈದರು. ಬೈದದ್ದು ಸರಿಯೇ.

ಹನ್ನೆರಡು ದಿನದ ಹಿಂದೆ ಎಲ್ಲರೂ ಹೊಲದಲ್ಲಿ ಸೇರಿದೆವು. ಬಸ್ಸಪ್ಪ, ಅಮೀನ, ಅವನ ಆಳುಗಳು, ನರಸಣ್ಣ, ಗಾಳೆಮ್ಮ, ಗೊರೇಬಾಳದ ಅರ್ಧ ಊರು. ಹೊಸ ಕಲ್ಲಿಗೆ ಸುಣ್ಣ ಹಚ್ಚಿ, ಹಣ್ಣುಕಾಯಿ ಮಾಡಿ, ಅತ್ತೆಯವರು ಹಳೆಯ ಕಲ್ಲಿನ ಮುಂದೆ ಕುಕ್ಕುರುಗಾಲಿನಲ್ಲಿ ಕೂತು ಮಗನಿಗೆ ಹೇಳುವ ಹಾಗೆ ಹೇಳಿದರು: "ಐದ ವರ್ಷ ದೇವ್ರಾಗಿ ನಮ್ಮನ್ನ ಕಾಯ್ದಿ. ಇನ್ನ ನಿನ್ನ ಕೆಲಸಕ್ಕ ನೀ ಹೋಗಪ್ಪ." ಕಲ್ಲು ಎದ್ದು ಬಂತು. ನೆತ್ತಿಯ ಗೆರೆ ನೋಡಿ ಅಮೀನ ತಲೆ ಕೆರೆದುಕೊಂಡ. ಆದರೆ ಬಸ್ಸಪ್ಪನವರು ಬಿಡುವವರೇ? "ಕಲ್ಲ ಗಡೀದು ಖರೆ. ಆದ್ರ ಎಲ್ಲಿ ಇತ್ತು ಅನ್ನಾದ ಯಾರಿಗೆ ಗೊತ್ತು?" ಎಂದರು. ಅದಕ್ಕೆ ನನ್ನ ಹತ್ತಿರ ಉತ್ತರವಿತ್ತು. ಗಡಿಕಲ್ಲಿನ ಬುಡದಲ್ಲಿ ಇದ್ದಿಲು ತುಂಬಿರುತ್ತಾರೆ, ಇದ್ದಿಲು ಕೊಳೆಯುವುದಿಲ್ಲ ಎಂದು ಮಾವನವರು ನಿಮಗೆ ಹೇಳಿದ್ದರು, ನೀವು ನನಗೆ ಹೇಳಿದ್ದಿರಿ. ಬನ್ನಿಯ ಕಲ್ಲೇ ಗಡಿ ಎಂದು ಅಮೀನ ಬರೆದ ಮೇಲೆ ಸರ್ಕಾರಿ ಹುಲ್ಲುಗಾವಲನ್ನು ಅಗೆಯಲು ನಿಮ್ಮನ್ನು ಯಾರು ಬಿಡುತ್ತಿದ್ದರು? ಬನ್ನಿ ಗಿಡದಿಂದ ಪಡುವಲಕ್ಕೆ ಎಪ್ಪತ್ತು ಹೆಜ್ಜೆ ಎಂದೂ ಹೇಳಿದ್ದಿರಿ. ಸೆರಗು ಬಿಗಿದು ಎಪ್ಪತ್ತು ಹೆಜ್ಜೆ ಎಣಿಸಿ ನಿಂತೆ. ಆಳು ಅಗೆದ. ಮಣ್ಣು. ಇನ್ನೂ ಅಗೆದ. ಮಣ್ಣೇ. ಬಸ್ಸಪ್ಪನವರು ಪಕ್ಕದವರಿಗೆ ಏನೋ ಹೇಳಿ ನಕ್ಕರು. ಆರು ತಿಂಗಳ ತಿರುಗಾಟ, ಮೂರು ಜೊತೆ ಚಪ್ಪಲಿ, ನಿಮ್ಮ ಮಾತು, ನನ್ನ ಮಾತು ಎಲ್ಲವೂ ಆ ಒಣ ಗುಂಡಿಯಲ್ಲಿ ಬಿದ್ದಿತ್ತು.

ಆಗ ಅತ್ತೆಯವರು ಗುಂಡಿಯ ಹತ್ತಿರ ಬಂದು ನನ್ನ ಕಾಲನ್ನು ನೋಡಿದರು. "ಎಪ್ಪತ್ತ ಹೆಜ್ಜಿ ಅಂದಾವ ನನ್ನ ಮಗ. ಹೆಜ್ಜಿ ನಿಂದ್ಯಾಕ ಹಾಕಿದಿಬೇ?" ಎಂದರು. ನಿಮ್ಮ ಎತ್ತರ ಯಾರಿಗಿದೆ ಎಂದು ಸುತ್ತ ನೋ‍ಡಿದರು. ಟಾಂಗಾದ ಹತ್ತಿರ ಕುದುರೆಗೆ ಹುಲ್ಲು ಹಾಕುತ್ತಿದ್ದ ನಬೀಸಾಬರನ್ನು ಕರೆದು, ದೇವರ ಹೆಸರು ಹೇಳಿ ನಡೆ ಎಂದರು. ನಬೀಸಾಬರು ಬಿಸ್ಮಿಲ್ಲಾ ಎಂದು ಬನ್ನಿ ಗಿಡದಿಂದ ಹೊರಟರು. ಊರೆಲ್ಲ ಜೊತೆಗೆ ಎಣಿಸಿತು. ಎಪ್ಪತ್ತಕ್ಕೆ ಅವರು ನಿಂತದ್ದು ನನ್ನ ಗುಂಡಿಯಿಂದ ಎಷ್ಟೋ ಮುಂದೆ, ನೀವು ಅವತ್ತು ಹೆಂಟೆ ಎತ್ತಿದ ಹಳ್ಳದ ದಂಡೆಯ ಮೇಲೆ. ಮೊಣಕಾಲುದ್ದ ಅಗೆಯುವುದರೊಳಗೆ ಗುದ್ದಲಿಯ ಬಾಯಿ ಕಪ್ಪಾಯಿತು. ಎರಿ ಮಣ್ಣೂ ಕಪ್ಪೇ ಅಲ್ಲವೇ, ಮೊದಲು ಯಾರಿಗೂ ತಿಳಿಯಲಿಲ್ಲ. ಗಾಳೆಮ್ಮ ಕೈ ಹಾಕಿ ಎತ್ತಿ ಹಿಸುಕಿ, "ಇದ್ದಿಲ!" ಎಂದು ಕೂಗಿದಳು. ನಾನು ಬಸ್ಸಪ್ಪನವರ ಮುಂದೆ ಹೋಗಿ, ವಲ್ಲಿ ಚಾಚಿರಿ ಎಂದೆ. ಚಾಚಿದರು. ಒಂದು ಹಿಡಿ ಇದ್ದಿಲನ್ನು ಅವರ ಬಿಳಿಯ ವಲ್ಲಿಯಲ್ಲಿ ಹಾಕಿದೆ. ಅಮೀನ ಅಲ್ಲೇ ಕಲ್ಲನ್ನು ನಿಲ್ಲಿಸಿದ, ಸರಪಳಿ ಹಿಡಿದ, ನೀವು ಹೇಳಿದ್ದು ಹೇಳಿದಷ್ಟೇ ಇತ್ತು. ಒಂದು ಗುಂಟೆ ಹೆಚ್ಚಿಲ್ಲ, ಒಂದು ಗುಂಟೆ ಕಡಿಮೆ ಇಲ್ಲ.

ಈ ಸೋಮವಾರ ಲಿಂಗಸೂಗೂರಿನ ತಾಲೂಕದಾರ ಸಾಹೇಬರ ಕಚೇರಿಯಲ್ಲಿ ನಮ್ಮೆಲ್ಲರ ಹೇಳಿಕೆ ಆಯಿತು, ಗಡಿ ತಿದ್ದುವ ಹುಕುಂ ಸಿಕ್ಕಿತು. ಅಲ್ಲಿ ನಡೆದ ಒಂದು ಸಂಗತಿಯನ್ನು ಬರೆಯಲೋ ಬೇಡವೋ ಎಂದು ಇನ್ನೂ ಯೋಚಿಸುತ್ತಿದ್ದೇನೆ. ಅದು ಇರಲಿ. ಮರುದಿನ ಮಸ್ಕಿಯ ಸಂತೆ. ಬಸ್ಸಪ್ಪನವರು ಆವತ್ತು ನಿಂತ ಜಾಗದಲ್ಲಿಯೇ ನಿಂತರು. ಕರಿ ಹಿಡಿದ ಆ ವಲ್ಲಿಯನ್ನು ಒಗೆಸಿರಲಿಲ್ಲ, ಹೆಗಲ ಮೇಲೆಯೇ ಇತ್ತು. "ಆ ದಲಾಲ ತೋರಿಸಿದ ಗಡಿ ಖರೆ, ನಾ ಆಡಿದ ಮಾತ ಸುಳ್ಳ, ಎಲ್ಲಾರೂ ಕೇಳ್ರಿ" ಎಂದು ಕೂಗಿದರು. ಅವರ ಧ್ವನಿ ಬೈಯುವಾಗ ಎಷ್ಟು ದೊಡ್ಡದಿತ್ತೋ ಅಷ್ಟೇ ದೊಡ್ಡದಿತ್ತು, ಅದನ್ನು ಒಪ್ಪಬೇಕು. ಆಮೇಲೆ ನನ್ನ ಹತ್ತಿರ ಬಂದು, ಪಕ್ಕದ ಹೊಲವನ್ನೂ ತೆಗೆದುಕೊಳ್ಳುವ ಮನಸ್ಸಿದೆ, ಆದರೆ "ಹೆಂಟೆ ಮಾತ್ರ ಅವ್ರ ಕೈಲೇ ಇಸ್ಕೋತೀನಿ, ಬರೋ ಮಟ ಕಾಯ್ತೀನಿ" ಎಂದರು. ನಾನು ತಲೆ ಎತ್ತಿ ಸಂತೆಯ ಈ ತುದಿಯಿಂದ ಆ ತುದಿಯವರೆಗೂ ನಡೆದೆ. ಏನೂ ಕೊಳ್ಳುವುದಿರಲಿಲ್ಲ, ಸುಮ್ಮನೆ ನಡೆದೆ. ಜನ ದಾರಿ ಬಿಟ್ಟರು. ಅತ್ತೆಯವರು ಮಾತ್ರ ಹಿಂದಿನಿಂದ ಎರಡು ಸೇರು ಉಳ್ಳಾಗಡ್ಡಿ ಕೊಂಡರು.

ಇಷ್ಟೇ ಸುದ್ದಿ. ಗಿರಣಿಯವರಿಗೆ ಹೇಳಿ, ಕೆಲಸ ಬಿಡುವ ಚೀಟಿ ತೆಗೆದುಕೊಂಡು, ಶಿವರಾತ್ರಿಗೆ ಬಂದರೆ ಒಳ್ಳೆಯದು. ಮುಂಚೆ ಬಂದರೆ ಇನ್ನೂ ಒಳ್ಳೆಯದು. ಕೆಲಸ ಇಬ್ಬರಿಗಲ್ಲ, ನಾಲ್ವರಿಗಾಗುವಷ್ಟಿದೆ. ಕಟ್ಟೆ ನಿಮ್ಮದು, ಒಲೆ ನನ್ನದು, ಟಾಂಗಾದ ಹಿಂದಿನ ಹಲಗೆ ಅತ್ತೆಯವರದು. ನೀವು ನಬೀಸಾಬರ ಪಕ್ಕ ಮುಂದೆ ಕೂಡಬೇಕಾಗುತ್ತದೆ, ಮೊದಲೇ ಹೇಳಿದ್ದೇನೆ. ಅತ್ತೆಯವರ ಆಶೀರ್ವಾದ, ಆದೆಮ್ಮನ ಮುತ್ತು, ನರಸಣ್ಣ ಮತ್ತು ಗಾಳೆಮ್ಮನ ನಮಸ್ಕಾರ, ನಬೀಸಾಬರ ಸಲಾಮು. ಮೂಗಿಗೆ ವಲ್ಲಿ ಮರೆಯಬೇಡಿ.

ನಿಮ್ಮ ದಾರಿ ನೋಡುವ
ಯಮನೂರಮ್ಮ

ತಾಜಾ ಕಲಂ: ಟಪಾಲಿನ ಚೀಲ ಹೊರಟಿದೆ ಎಂದು ನಬೀಸಾಬರು ಹೊರಗಿನಿಂದ ಕೂಗುತ್ತಿದ್ದಾರೆ, ಆದ್ದರಿಂದ ಬರೆದೇ ಬಿಡುತ್ತೇನೆ. ಸೋಮವಾರ ಕಚೇರಿಯಲ್ಲಿ ಸಾಹೇಬರು ಉರ್ದುವಿನಲ್ಲಿ ಕೇಳಿದರು, ಹಾಜಿಸಾಬರು ಕನ್ನಡದಲ್ಲಿ ತಿಳಿಸಿದರು: ಈ ಗಡಿಯನ್ನು ಮೊದಲು ಸರಿಯಾಗಿ ತೋರಿಸಿದವರು ಯಾರು, ಹೆಸರು ಹೇಳು. ನಾನು ಹಾಜಿಸಾಬರ ಮುಖ ನೋಡಿದೆ. ಹಾಜಿಸಾಬರು ತಾವೇ ಹೇಳಲು ಹೋದರು. ಸಾಹೇಬರು ಕೈ ಅಡ್ಡ ಮಾಡಿ, ಹೇಳಿಕೆ ಯಾರದೋ ಅವರ ಬಾಯಿಂದಲೇ ಬರಬೇಕು, ಇಲ್ಲದಿದ್ದರೆ ಆ ಜಾಗ ಖಾಲಿ ಬಿಡುತ್ತೇವೆ ಎಂದರು. ಖಾಲಿ ಬಿಡುವುದೇ? ಹಿಂದಿನಿಂದ ಅತ್ತೆಯವರು "ಹೇಳಬೇ, ನಾ ಇಟ್ಟ ಹೆಸರ ಅದು" ಎಂದರು. ಹೇಳಿದೆ. ದುರುಗಪ್ಪ. ಮೆಲ್ಲಗಾಯಿತು, ಬರೆಯುವವರಿಗೆ ಕೇಳಿಸಲಿಲ್ಲ. ಕಚೇರಿಯ ಹೊರಗೆ ನಿಂತವರಿಗೂ ಕೇಳುವ ಹಾಗೆ ಮತ್ತೊಮ್ಮೆ ಹೇಳಿದೆ. ಎತ್ತಬೇಡ ಎಂದು ಬರೆದಿದ್ದಿರಿ, ಎತ್ತಿದೆ. ಸಿಟ್ಟು ಬಂದಿದ್ದರೆ ಮನೆಗೆ ಬಂದು ಬೈಯಿರಿ. ಲಕೋಟೆಯನ್ನು ಇನ್ನೊಮ್ಮೆ ತಿರುಗಿಸಿ ನೋಡಿ, ಈ ಸಲ ಮೇಲಿನ ಅಕ್ಷರ ಹಾಜಿಸಾಬರದಲ್ಲ.